ಯಂಕವ್ವ ಬಟ್ಟಲು ತಡೆದ ಪ್ರಸಂಗ

ಊರ ಹೊರಗಿನ ದಾರಿಯಲ್ಲಿ, ಬೇವಿನ ಮರದ ಕೆಳಗೆ, ತಟ್ಟಿ ಕಟ್ಟಿದ ಒಂದು ಅರವಟ್ಟಿಗೆ. ಪೂಜ್ಯ ವಿರೂಪಣ್ಣ ತಾತನವರಿಗೆ ಮಠವೆಂದರೂ ಅದೇ, ಮನೆಯೆಂದರೂ ಅದೇ. ದಾರಿಹೋಕರಿಗಾಗಿ ಬಾವಿಯಿಂದ ನೀರು ಹೊತ್ತು ತರುವ ಸೇವೆಯನ್ನು ಅವರು ಎಂದೂ ಭಕ್ತರಿಗೆ ಬಿಟ್ಟುಕೊಟ್ಟವರಲ್ಲ.

ಅಲ್ಲಿಗೆ ಒಂದು ಮಧ್ಯಾಹ್ನ ಸೊಸೆ ನರಸವ್ವನ ಕೈ ಹಿಡಿದು ಯಂಕವ್ವ ಬಂದಳು. ಅವರದು ಈಚಲು ಮರದಿಂದ ಸೇಂದಿ ಇಳಿಸುವ ಮನೆತನ. ಯಂಕವ್ವ ಗಟ್ಟಿಗಿತ್ತಿ, ಬಾಯಿ ಜೋರು. ಆದರೆ ಮೊಮ್ಮಗುವಿನ ಹಂಬಲ ಅವಳನ್ನು ಒಳಗೊಳಗೇ ಸವೆಸಿತ್ತು. ಕೇರಿಯಲ್ಲಿ ಯಾರದೋ ಮನೆಯ ಜೋಗುಳ ಕೇಳಿದರೂ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತಿತ್ತು. ನರಸವ್ವನ ಮೊದಲ ಬಸಿರು ಇಳಿದುಹೋಗಿತ್ತು. ಎರಡನೆಯ ಕೂಸು ದಿನ ತುಂಬುವ ಮೊದಲೇ ಹುಟ್ಟಿ, ಹಾಲು ಚೀಪುವ ತ್ರಾಣವೂ ಇಲ್ಲದೆ ಕಣ್ಣು ಮುಚ್ಚಿತ್ತು. ಅದಕ್ಕೆಂದು ಹೊಲಿದ ಕುಲಾವಿಯನ್ನು ಯಂಕವ್ವ ಇನ್ನೂ ಆಗಾಗ ಪೆಟ್ಟಿಗೆಯಿಂದ ತೆಗೆದು ಮೂಸುತ್ತಿದ್ದಳು.

"ತಾತ, ಈಗ ಮತ್ತ ಬಸುರಾಗ್ಯಾಳ. ಒಂದು ತಾಯತ ಕಟ್ರಿ. ಯಾರ ಕಣ್ಣು ತಾಕ್ಯದೋ, ಒಂದೂ ನಿಲ್ಲವಲ್ದು."

ತಾತನವರು ತಾಯತದ ಮಾತೆತ್ತಲಿಲ್ಲ. "ಏನು ಉಣಿಸ್ತಿ ಈಕಿಗೆ?" ಎಂದು ಕೇಳಿದರು.

ಯಂಕವ್ವನ ಮುಖ ಅರಳಿತು. "ಅದರಾಗ ನಾ ಕಡಿಮಿ ಮಾಡಿಲ್ರಿ. ರೊಟ್ಟಿ, ತುಪ್ಪ, ಸೊಪ್ಪು. ಮ್ಯಾಲ ದಿನಾ ಮುಂಜಾನಿ ಒಂದು ಬಟ್ಟಲ ಸೇಂದಿ. ಹೊಟ್ಟಿ ತಂಪಿರ್ತದ, ಕೂಸು ಕೆಂಪಗ ಹುಟ್ತದ. ನಮ್ಮ ಮನ್ಯಾಗ ಬಸುರೇರಿಗೆಲ್ಲ ಇದೇ ರೂಢಿ. ನಾನೇ ನನ್ನ ಕೈಯಾರೆ ಕುಡಸ್ತೀನಿ."

"ಆಸ್ಪತ್ರಿ ನರ್ಸಮ್ಮ ಬ್ಯಾಡ ಅಂದಾಳ್ರಿ" ಎಂದಳು ನರಸವ್ವ, ಮೆಲ್ಲಗೆ.

"ಆಕಿಗಿನ್ನ ಮದಿವಿನೇ ಆಗಿಲ್ಲ. ಬಸುರಿ ಆರೈಕಿ ಆಕಿ ನನಗ ಕಲಸ್ತಾಳ!"

ತಾತನವರು ನಗಲಿಲ್ಲ. "ಯಂಕವ್ವ, ಕೂಸು ಹುಟ್ಟಿತು ಅಂತ ಇಟ್ಕೋ. ಅದರ ಬಾಯಿಗೆ ಒಂದು ಬಟ್ಟಲ ಸೇಂದಿ ಹಾಕ್ತೀಯೇನು?"

"ಥೂ, ಬಿಡ್ತು ಅನ್ರಿ ತಾತ! ಹಸಗೂಸಿಗೆ ಯಾರರ ಕುಡಸ್ತಾರ?"

"ಹೊಟ್ಟಿಯೊಳಗಿರೋದು ಅದಕ್ಕಿಂತ ಸಣ್ಣದು. ಈಕಿ ಕುಡಿದದ್ದು ಅದಕ್ಕೂ ಮುಟ್ತದ."

ಯಂಕವ್ವ ಬಟ್ಟಲು ಹಿಡಿಯುತ್ತಿದ್ದ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಹಂಗಾದ್ರ ಆ ಎರಡನ್ನೂ ನಾನೇ..." ಎಂದಳು.

"ಅವು ಯಾಕ ಹೋದವು ನನಗ ಗೊತ್ತಿಲ್ಲ. ಇದು ಉಳೀತದ ಅಂತ ಮಾತೂ ಕೊಡೂದಿಲ್ಲ. ಆದರ ಇನ್ನು ಒಂದು ಹನಿಯೂ ಬ್ಯಾಡ. ನರ್ಸಮ್ಮ ಹೇಳಿದಂಗ ಕೇಳು."

"ದೇವಿ, ತಾತ? ಕುಬಸದ ದಿನ ದೇವಿಗೆ ಎಡಿ ಇಟ್ಟ ಸೇಂದಿ ಬಸುರಿ ಕುಡೀಬೇಕ್ರಿ. ಇಲ್ಲಾಂದ್ರ ಆಕಿ ಮುನೀತಾಳ."

"ಆ ಮುನಿಸು ಈ ಅರವಟ್ಟಿಗಿಗೆ ಬರಲಿ. ನಾ ಇಲ್ಲೇ ಇರ್ತೀನಿ" ಎಂದು ಹೇಳಿ ತಾತನವರು ಕೊಡ ಹೊತ್ತು ಬಾವಿಯ ಕಡೆ ನಡೆದರು. ತಾಯತ ಕಟ್ಟಲೇ ಇಲ್ಲ.

ಕುಬಸದ ದಿನ ಬಂತು. ಹಸಿರು ಸೀರೆಯುಟ್ಟು ನರಸವ್ವ ಮಣೆಯ ಮೇಲೆ ಕುಳಿತಿದ್ದಳು. ಯಂಕವ್ವನ ನಾದಿನಿ ದ್ಯಾವವ್ವ ಎಡೆಯ ಬಟ್ಟಲನ್ನು ಬಸುರಿಯ ತುಟಿಗೆ ತಂದಾಗ ಯಂಕವ್ವ ಅಡ್ಡ ಕೈ ಹಿಡಿದಳು.

"ಯಾಕ ವೈನಿ, ನಿಮ್ಮ ಈಚಲ ಗಿಡ ಎಲ್ಲಾ ಬತ್ತಿ ಹೋಗ್ಯಾವೇನು? ಸೊಸಿಗೆ ಒಂದು ಗುಟುಕಿಗೂ ಬರ ಬಂತಲ್ಲ!" ಎಂದಳು ದ್ಯಾವವ್ವ. ಹೆಂಗಸರೆಲ್ಲ ಗೊಳ್ಳೆಂದರು. ಒಬ್ಬ ಮುದುಕಿ ಮಾತ್ರ ನಗದೆ, "ದೇವಿ ಸುಮ್ಮನಿರಾಕಿಲ್ಲ ನೋಡು" ಎಂದು ಗದರಿದಳು.

ಮನೆತನದ ರೂಢಿಯನ್ನು ಯಂಕವ್ವ ಅದುವರೆಗೆ ಎಂದೂ ಮುರಿದವಳಲ್ಲ. "ಮುನಿದರ ಮುನೀಲಿ. ಆ ಮುನಿಸು ಯಾರು ಹೊರ್ತೀನಿ ಅಂದಾರೋ ಅವರು ಹೊರ್ತಾರ. ನನಗ ಕೂಸು ಬೇಕಾಗ್ಯದ, ದ್ಯಾವವ್ವ" ಎಂದು ಬಟ್ಟಲನ್ನು ಕಸಿದುಕೊಂಡು ಅಂಗಳದಲ್ಲಿದ್ದ ದೇವಿಯ ಕಟ್ಟೆಯ ಬುಡಕ್ಕೆ ಸುರಿದಳು. ಸೊಸೆಗೆ ಬೆಲ್ಲ ಹಾಕಿದ ಹಾಲು ಕುಡಿಸಿದಳು.

ಆಮೇಲೆ ಉಳಿದದ್ದು ಕಾಯುವುದು. ಸಂಜೆಯಾದರೆ ಸೊಸೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕೂರುತ್ತಿದ್ದಳು. ಒಳಗೆ ಒಮ್ಮೆ ಮಿಸುಕಾಡಿದರೆ ಒಲೆಯ ಮೇಲಿನ ಅನ್ನ ಸೀದರೂ ಕೈ ತೆಗೆಯುತ್ತಿರಲಿಲ್ಲ.

ದಿನ ತುಂಬಿ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಕಿವಿ ಗಡಚಿಕ್ಕುವಂತೆ ಅಳುತ್ತಿತ್ತು. ಬಾಣಂತಿಯ ತಾಯಿ ಸುಮ್ಮನಾಗಿಸಲೆಂದು ಎತ್ತಿಕೊಳ್ಳಹೋದರೆ, ಬಾಗಿಲಲ್ಲಿ ನಿಂತಿದ್ದ ಯಂಕವ್ವ ಕೈಮುಗಿದು ಅಂದಳು:

"ಅಳ್ಲಿ ಬಿಡ್ರಿ ಬೀಗತಿ. ಇನ್ನೊಂದೀಟು ಕೇಳ್ತೀನಿ."