ಕೇದಗಿಯ ಬಂಗು ಮತ್ತು ತಣ್ಣವ್ವನ ಬಾವಿ

ಕುರುಚಲು ಕಾಡಿನ ನಡುವೆ ಒಂದು ಕೊಳವಿತ್ತು, ಮಕ್ಕಳೇ. ದಂಡೆಯ ಸುತ್ತ ಜೊಂಡು, ನೀರಿನ ತುಂಬ ತಾವರೆ ಎಲೆ, ಎಲೆಯ ಮೇಲೆಲ್ಲ ಕಪ್ಪೆಗಳು. ಕೊಳದಿಂದ ಸ್ವಲ್ಪ ಆಚೆಗೆ, ಕಳ್ಳಿ ಮೆಳೆಯ ಹಿಂದೆ, ಒಂದು ಹಾಳುಬಾವಿ ಇತ್ತು. ಅದರ ಮೇಲೆ ಹಕ್ಕಿಗಳು ಹಾರುತ್ತಿರಲಿಲ್ಲ. ನೇರವಾಗಿ ಬರುತ್ತಿದ್ದ ಹಕ್ಕಿ ಕೂಡ ಅಲ್ಲಿಗೆ ಬಂದೊಡನೆ ಪಕ್ಕಕ್ಕೆ ತಿರುಗಿಬಿಡುತ್ತಿತ್ತು. ಏಕೆಂದು ಕೇಳಿದರೆ ಕೊಳದ ಹಿರಿಯರು ಮಾತು ಬದಲಿಸುತ್ತಿದ್ದರು.

ಆ ಕೊಳದಲ್ಲಿ ಕೇದಗಿ ಎಂಬ ಕಪ್ಪೆ ಇದ್ದಳು. ಹೆಸರಿಗೆ ತಕ್ಕ ಹಾಗೆ ಕೇದಗಿ ಹೂವಿನಂಥ ಹಳದಿ ಮೈ. ದಿನವೂ ಬೆಳಿಗ್ಗೆ ನೀರು ಅಲುಗಾಡುವ ಮೊದಲೇ ಎದ್ದು, ಬಗ್ಗಿ ತನ್ನ ಮುಖ ನೋಡಿಕೊಳ್ಳುತ್ತಿದ್ದಳು. ಅವಳಿಗೆ ತುಂಬೆ ಎಂಬ ಪುಟ್ಟ ತಂಗಿ. ತಾಯಿಯನ್ನು ಕೊಕ್ಕರೆ ಹೊತ್ತೊಯ್ದ ಮೇಲೆ ತಂಗಿಗೆ ಅಕ್ಕನೇ ಎಲ್ಲ. ಅಕ್ಕ ಹಾರಿದ ಕಡೆಗೆ ತಾನೂ ಹಾರುವಳು, ಅಕ್ಕ ಕೂಗಿದರೆ ತಾನೂ ಕೂಗುವಳು.

ಆ ವರ್ಷ ಬೇಸಿಗೆ ಬಲು ಕೆಟ್ಟದಾಗಿತ್ತು. ಕೊಳ ಬತ್ತಿ ತಳ ಬಿರುಕು ಬಿಟ್ಟಿತು. ಕಪ್ಪೆಗಳೆಲ್ಲ ಕೆಸರಿನ ಆಳದಲ್ಲಿ ಹುದುಗಿ ಮಲಗಿದವು. ಮೊದಲ ಮಳೆ ಬಿದ್ದು ನೀರು ನಿಂತಾಗ ಒಂದೊಂದಾಗಿ ಮೇಲೆ ಬಂದವು.

ಕೇದಗಿಯನ್ನು ನೋಡಿ ತುಂಬೆ ಹೇಳಿದಳು, "ಅಕ್ಕ, ನಿನ್ನ ಮುಖಕ್ಕೆ ಕೆಸರು ಮೆತ್ತಿದೆ."

ಕೇದಗಿ ನೀರಿನಲ್ಲಿ ಮುಳುಗಿ ಎದ್ದಳು. "ಈಗ?"

"ಇನ್ನೂ ಇದೆ."

ಮತ್ತೆ ಮುಳುಗಿದಳು. ಜೊಂಡಿಗೆ ಕೆನ್ನೆ ಉಜ್ಜಿದಳು. ನೀರು ತಿಳಿಯಾಗುವವರೆಗೆ ಕಾದು ಬಗ್ಗಿ ನೋಡಿದಳು. ಎರಡು ಕೆನ್ನೆಯ ಮೇಲೂ, ಮೂಗಿನ ಮೇಲೂ ಕಪ್ಪು ಮಚ್ಚೆಗಳು. ಅದು ಕೆಸರಾಗಿರಲಿಲ್ಲ.

"ಬಂಗು ಬಂದಿದೆ," ಎಂದಿತು ದಂಡೆಯ ಏಡಿ. "ಅಯ್ಯೋ ಪಾಪ, ಎಂಥ ಚೆಂದದ ಮುಖವಿತ್ತು."

ಕೇಳಿದವರೆಲ್ಲ ಒಂದೊಂದು ಮದ್ದು ಹೇಳಿದರು. ಕೇದಗಿ ಪಾಚಿ ಮೆತ್ತಿಕೊಂಡಳು, ತಾವರೆಯ ದಂಟಿನ ಲೋಳೆ ಹಚ್ಚಿಕೊಂಡಳು, ಬಿಳಿ ಜೇಡಿಮಣ್ಣು ಬಳಿದುಕೊಂಡು ಬೆಳಗಿನಿಂದ ಸಂಜೆಯವರೆಗೆ ಅಲುಗದೆ ಕುಳಿತಳು. ಮಚ್ಚೆ ಇದ್ದಲ್ಲೇ ಇತ್ತು.

ಕಲ್ಲಿನ ಸಂದಿಯಲ್ಲಿ ಬೋರಕ್ಕ ಎಂಬ ನೆಲಗಪ್ಪೆ ಇದ್ದಳು. ಮೈಯೆಲ್ಲ ಗಂಟುಗಂಟು. ಅವಳು ಕೇದಗಿಯನ್ನು ಕರೆದು ಹೇಳಿದಳು, "ಕೆಸರಿನ ಕಾವಿಗೆ ಬಂದದ್ದು, ದೊಡ್ಡ ಮಳೆ ಹಿಡಿದರೆ ತಾನೇ ತಿಳಿಯಾಗುತ್ತದೆ. ಆಗದಿದ್ದರೆ ತಾನೇ ಏನು? ಮಚ್ಚೆ ಇದ್ದರೆ ಹುಳ ಬಾಯಿಗೆ ಬರುವುದಿಲ್ಲವೇ?"

"ನಿನಗೇನು ಬೋರಕ್ಕ," ಎಂದಳು ಕೇದಗಿ. "ನಿನ್ನ ಮುಖವನ್ನು ಯಾರೂ ನೋಡುವುದಿಲ್ಲ."

ಬೋರಕ್ಕ ಸಂದಿಯೊಳಗೆ ಹೋದಳು.

ಮೊದಲ ಮಳೆಯಾದ ಮೇಲೆ ಮತ್ತೆ ಬಿಸಿಲು ಬಿತ್ತು. ಒಂದು ಮಧ್ಯಾಹ್ನ, ಎಲ್ಲರೂ ಎಲೆಯಡಿಯಲ್ಲಿ ತೂಕಡಿಸುತ್ತಿರುವಾಗ, ಕಳ್ಳಿ ಮೆಳೆಯ ನೆರಳಿನಲ್ಲಿ ಯಾರೋ ಕುಳಿತಿದ್ದುದು ಕೇದಗಿಗೆ ಕಂಡಿತು. ಅದೊಂದು ಕಪ್ಪೆ. ಆದರೆ ಅಂಥ ಬಿಳುಪಿನ ಕಪ್ಪೆಯನ್ನು ಅವಳು ಎಂದೂ ಕಂಡಿರಲಿಲ್ಲ. ಒಂದೇ ಒಂದು ಚುಕ್ಕೆ ಇಲ್ಲ, ಗೆರೆ ಇಲ್ಲ. ನೆನೆದ ಅಕ್ಕಿಯಂತೆ ಮೈ. ಗಂಟಲಿನ ತೆಳುವಾದ ಚರ್ಮದ ಹಿಂದೆ ಉಸಿರು ಹೋಗಿ ಬರುವುದೂ ಕಾಣುತ್ತಿತ್ತು.

"ಯಾರು ನೀನು?" ಎಂದು ಕೇಳಿದಳು ಕೇದಗಿ.

"ಗರಿಕೆ," ಎಂದಿತು ಆ ಕಪ್ಪೆ. ಮಾತು ಎಲೆ ಸವರಿದಷ್ಟು ಮೆಲ್ಲಗಿತ್ತು. "ನಿನ್ನ ಪಕ್ಕದ ಎಲೆಯ ಮೇಲೆ ಕೂರುತ್ತಿದ್ದೆನಲ್ಲ. ಮರೆತೆಯಾ?"

ಗರಿಕೆ ಹಚ್ಚಹಸಿರು ಕಪ್ಪೆ. ಎರಡು ಮಳೆಗಾಲದ ಹಿಂದೆ ಕಾಣೆಯಾಗಿದ್ದಳು. ಹಾವು ತಿಂದಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು.

"ನನಗೂ ಬಂಗು ಬಂದಿತ್ತು," ಎಂದಳು ಗರಿಕೆ. "ಹಾಳುಬಾವಿಯಲ್ಲಿ ತಣ್ಣವ್ವ ಇದ್ದಾಳೆ. ಅವಳು ವಾಸಿ ಮಾಡುತ್ತಾಳೆ. ನೋವಿಲ್ಲ. ಸ್ವಲ್ಪ ತಣ್ಣಗೆ ಅನಿಸುತ್ತದೆ, ಅಷ್ಟೇ."

ಕೇದಗಿ ತಂಗಿಯ ಕಡೆಗೊಮ್ಮೆ ನೋಡಿದಳು. ತುಂಬೆ ನಿದ್ದೆಯಲ್ಲಿದ್ದಳು. ಕೇದಗಿ ಸದ್ದು ಮಾಡದೆ ದಂಡೆ ಹತ್ತಿದಳು.

ಬಾವಿಯ ಒಳಗೆ ಕಲ್ಲಿನ ಮೆಟ್ಟಿಲುಗಳಿದ್ದವು. ಇಳಿದಷ್ಟೂ ಬಿಸಿಲು ಹಿಂದೆ ಸರಿಯಿತು. ಕೆಳಗೆ ನೀರು ಕಪ್ಪಗೆ, ಹಾಸಿದ ಹಾಗೆ ಬಿದ್ದಿತ್ತು. ಅಲ್ಲಿ ಸೊಳ್ಳೆಯ ಗುಂಯ್‌ಗುಡುವಿಕೆಯೂ ಇರಲಿಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಕೇದಗಿಗೆ ಕಂಡಿತು: ಮೆಟ್ಟಿಲ ಮೇಲೆ, ಗೋಡೆಯ ಪೊಟರೆಗಳಲ್ಲಿ ಕಪ್ಪೆಗಳು ಕುಳಿತಿದ್ದವು. ಎಲ್ಲವೂ ಬಿಳಿ. ಎಲ್ಲವೂ ನೀರಿನ ಕಡೆಗೇ ಮುಖ ಮಾಡಿದ್ದವು. ಅವಳು ಬಂದದ್ದಕ್ಕೆ ಒಂದೂ ತಿರುಗಿ ನೋಡಲಿಲ್ಲ.

"ನೋವಿಲ್ಲವೇ?" ಎಂದು ಹತ್ತಿರದ ಕಪ್ಪೆಯನ್ನು ಕೇಳಿದಳು.

"ನೋವಿಲ್ಲ," ಎಂದಿತು ಅದು, ನೀರನ್ನೇ ನೋಡುತ್ತ. "ಸ್ವಲ್ಪ ತಣ್ಣಗೆ ಅನಿಸುತ್ತದೆ, ಅಷ್ಟೇ."

ಆಗ ನೀರು ಒಂದು ಕಡೆ ಸುಕ್ಕಾಯಿತು. ಉದ್ದನೆಯ ಜಿಗಣೆಯೊಂದು ಮೆಟ್ಟಿಲೇರಿತು, ಒದ್ದೆ ಬಟ್ಟೆ ತಾನಾಗಿ ಹತ್ತಿ ಬಂದ ಹಾಗೆ.

"ಎಲ್ಲಿ ಮಗಳೇ, ಮುಖ ತೋರಿಸು," ಎಂದಳು ತಣ್ಣವ್ವ. ದನಿ ಕಿವಿಯ ಪಕ್ಕದಲ್ಲೇ ಕೇಳಿದಂತಿತ್ತು. "ಅಯ್ಯೋ, ಇಷ್ಟು ಒಳ್ಳೆಯ ಬಣ್ಣದ ಮೇಲೆ ಇದೆಂಥ ಕಪ್ಪು. ಕಣ್ಣು ಮುಚ್ಚಿಕೋ."

ಕೆನ್ನೆಗೆ ತಂಪಾದದ್ದೇನೋ ತಗುಲಿತು. ಕೇದಗಿಗೆ ಹಿತವಾದ ನಿದ್ದೆ ಬಂತು. ಎದ್ದಾಗ ತಣ್ಣವ್ವ ಇರಲಿಲ್ಲ. ಮೆಟ್ಟಿಲ ತಗ್ಗಿನಲ್ಲಿ ನಿಂತ ನೀರಿನಲ್ಲಿ ಮುಖ ನೋಡಿಕೊಂಡಳು. ಒಂದು ಕೆನ್ನೆಯ ಮಚ್ಚೆ ಪೂರ್ತಿ ಹೋಗಿತ್ತು. ಆ ಜಾಗ ಬೆಳ್ಳಗಾಗಿತ್ತು. ನಡುವೆ ಸಣ್ಣ ಗಾಯದ ಗುರುತು ಮಾತ್ರ ಉಳಿದಿತ್ತು.

ಕೊಳದವರೆಲ್ಲ ಬೆರಗಾದರು. "ಏನು ಹಚ್ಚಿದೆ?" ಎಂದು ಏಡಿ ಮತ್ತೆ ಮತ್ತೆ ಕೇಳಿತು. ಕೇದಗಿ ನಕ್ಕಳೇ ಹೊರತು ಹೇಳಲಿಲ್ಲ.

ಆದರೆ ಕೆಲವೇ ದಿನಗಳಲ್ಲಿ ಆ ಗಾಯದ ಗುರುತು ಕಪ್ಪಾಯಿತು. ಹಳೆಯ ಮಚ್ಚೆಗಿಂತ ಅಗಲವಾಯಿತು. ಕೇದಗಿ ಮತ್ತೆ ಬಾವಿಗಿಳಿದಳು.

"ಬೇರು ಒಳಗಿದೆ ಮಗಳೇ," ಎಂದಳು ತಣ್ಣವ್ವ. "ಇನ್ನೊಮ್ಮೆ ತೆಗೆಯಬೇಕು. ಆಚೆ ಕೆನ್ನೆಯದನ್ನೂ ತೆಗೆಯೋಣ."

ತೆಗೆದಲ್ಲೆಲ್ಲ ಗುರುತು ಉಳಿಯಿತು, ಗುರುತೆಲ್ಲ ಕಪ್ಪಾಯಿತು, ಕಪ್ಪಾದದ್ದಕ್ಕೆಲ್ಲ ಮತ್ತೆ ತಣ್ಣವ್ವ ಬೇಕಾಯಿತು. ಮುಖದಿಂದ ಬೆನ್ನಿಗೆ, ಬೆನ್ನಿನಿಂದ ತೊಡೆಗೆ. ಕೇದಗಿಯ ಹಳದಿ ದಿನೇ ದಿನೇ ಮಾಸಿತು. ಎಲೆಯಿಂದ ಎಲೆಗೆ ಹಾರಿದರೆ ನಡುವೆ ನೀರಿಗೆ ಬೀಳುತ್ತಿದ್ದಳು. ಬಿಸಿಲು ತಾಗಿದರೆ ಮೈ ಉರಿಯುತ್ತಿತ್ತು. ಒಂದು ಸಂಜೆ ಎಲ್ಲರೊಡನೆ ಕೂಗಲು ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಪಕ್ಕದಲ್ಲಿದ್ದ ತುಂಬೆ ತಾನೂ ಕೂಗುವುದನ್ನು ನಿಲ್ಲಿಸಿ ಅಕ್ಕನನ್ನೇ ನೋಡಿದಳು.

ಮರುದಿನ ಬಾವಿಯಲ್ಲಿ ಕೇದಗಿಗೆ ನಿದ್ದೆ ಪೂರ್ತಿ ಹತ್ತಲಿಲ್ಲ. ಮೈಯಲ್ಲಿ ನಿದ್ದೆ ಬರುವಷ್ಟು ಶಕ್ತಿಯೂ ಉಳಿದಿರಲಿಲ್ಲವೇನೋ. ಅರೆಗಣ್ಣಿನಲ್ಲಿ ತಣ್ಣವ್ವನ ಬೆನ್ನನ್ನು ನೋಡಿದಳು. ಅಲ್ಲಿ ಪಟ್ಟೆಗಳಿದ್ದವು. ಒಂದು ಕಂದು, ಒಂದು ಬೂದು. ಒಂದು ಹಚ್ಚಹಸಿರು, ಅದು ಗರಿಕೆಯ ಹಸಿರು. ಕುತ್ತಿಗೆಯ ಹತ್ತಿರ ಒಂದು ಹೊಸ ಪಟ್ಟೆ ಮೂಡಿತ್ತು, ಕೇದಗಿ ಹೂವಿನ ಹಳದಿ. ಉಸಿರಾಡಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ಅಗಲವಾಗುತ್ತಿತ್ತು.

"ಅದು ನನ್ನ ಬಣ್ಣ," ಎಂದು ಕೇದಗಿ ಪಿಸುಗುಟ್ಟಿದಳು.

ತಣ್ಣವ್ವ ಬಾಯಿ ಬಿಡಿಸಿಕೊಂಡಳು. "ಹೌದು ಮಗಳೇ," ಎಂದಳು, ಕೋಪವಿಲ್ಲದೆ. "ನಿನಗೆ ಬೇಡವಾಗಿತ್ತಲ್ಲ."

"ನನಗೆ ಇನ್ನು ಸಾಕು. ನಾನು ಬರುವುದಿಲ್ಲ."

"ಬರದೆ ಎಲ್ಲಿಗೆ ಹೋಗುತ್ತೀಯ? ಇನ್ನೆರಡು ಸಲಕ್ಕೆ ಬಿಸಿಲಿಗೆ ಕಾಲಿಡಲೂ ಆಗುವುದಿಲ್ಲ. ಇವರೆಲ್ಲರ ಹಾಗೆ ಇಲ್ಲೇ ಕೂರುತ್ತೀಯ." ತಣ್ಣವ್ವ ಹತ್ತಿರ ಸರಿದಳು. "ಒಂದು ದಾರಿ ಇದೆ. ಗರಿಕೆ ನಿನ್ನನ್ನು ಕರೆತಂದಳು, ಅದಕ್ಕೆ ಅವಳನ್ನು ನಾನು ಮುಟ್ಟುತ್ತಿಲ್ಲ. ನಿನಗೊಬ್ಬಳು ತಂಗಿ ಇದ್ದಾಳಂತೆ. ಹೊಸ ನೆತ್ತರು. ಅವಳನ್ನು ಕರೆತಂದರೆ ನಿನ್ನನ್ನೂ ಬಿಡುತ್ತೇನೆ."

ಕೇದಗಿ ಮೇಲಿನ ಮೆಟ್ಟಿಲ ಕಡೆ ನೋಡಿದಳು. ನೆರಳಿನ ಅಂಚಿನಲ್ಲಿ ಗರಿಕೆ ಕುಳಿತಿದ್ದಳು. ಬಾವಿಯೊಳಗೆ ಮೊದಲ ಬಾರಿಗೆ ಅವಳು ನೀರಿನಿಂದ ಮುಖ ತಿರುಗಿಸಿದ್ದಳು. ಆದರೆ ಕಣ್ಣೆತ್ತಿ ನೋಡಲಿಲ್ಲ.

"ಆಗುವುದಿಲ್ಲ," ಎಂದು ಕೇದಗಿ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಮೇಲಿನಿಂದ ಕಲ್ಲಿಗೆ ಪಾದ ತಾಗಿದ ಸದ್ದು ಕೇಳಿತು.

"ಅಕ್ಕ, ಇಲ್ಲಿದ್ದೀಯಾ?"

ತುಂಬೆ ಅಕ್ಕನ ಹಿಂದೆಯೇ ಬಂದಿದ್ದಳು. ಮೆಟ್ಟಿಲಿಂದ ಮೆಟ್ಟಿಲಿಗೆ ಹಾರುತ್ತ ಇಳಿದಳು. "ನನ್ನ ಮುಖದಲ್ಲೂ ಕಪ್ಪು ಬಂದಿದೆ, ನೋಡು. ನೀನು ಬರುವ ಕಡೆಗೆ ನನ್ನನ್ನೂ ಕರೆದುಕೊಂಡು ಬರಬಾರದಾಗಿತ್ತೇ?"

ಬಿಳಿ ಕಪ್ಪೆಗಳೆಲ್ಲ ಒಮ್ಮೆಲೇ ತುಂಬೆಯ ಕಡೆ ತಿರುಗಿದವು. "ನೋವಿಲ್ಲ," ಎಂದವು, ಒಟ್ಟಿಗೆ, ಒಂದೇ ದನಿಯಲ್ಲಿ.

ತಣ್ಣವ್ವ ಮೈ ನೀಳವಾಗಿಸಿ ಗೋಡೆಗುಂಟ ಹರಿದಳು.

ಕೇದಗಿ ಕೂಗಲು ನೋಡಿದಳು. ದನಿ ಹೊರಡಲಿಲ್ಲ. ಮೈಯಲ್ಲಿ ಉಳಿದ ಬಲವನ್ನೆಲ್ಲ ಹಿಂಗಾಲಿಗೆ ತಂದು ಹಾರಿದಳು. ತಂಗಿಗೂ ತಣ್ಣವ್ವನಿಗೂ ನಡುವೆ ಬಿದ್ದಳು. ತುಂಬೆಯ ಕೆನ್ನೆಗೆಂದು ಚಾಚಿದ ಬಾಯಿ ಕೇದಗಿಯ ಬೆನ್ನಿಗೆ ಕಚ್ಚಿಕೊಂಡಿತು. ಕೇದಗಿ ತಂಗಿಯನ್ನು ತಲೆಯಿಂದ ಗುದ್ದಿ ಮೇಲಿನ ಮೆಟ್ಟಿಲಿಗೆ ನೂಕಿದಳು. ಮತ್ತೊಮ್ಮೆ ನೂಕಿದಳು. ತುಂಬೆಗೆ ಆಗ ಅಕ್ಕನ ಬೆನ್ನ ಮೇಲಿದ್ದುದು ಕಂಡಿತು. ಅವಳು ಮೇಲಕ್ಕೆ ಹಾರತೊಡಗಿದಳು.

ತಣ್ಣವ್ವನ ಬಾಲ ಇನ್ನೂ ಕೆಳಗಿನ ಕಲ್ಲನ್ನು ಹಿಡಿದಿತ್ತು. ಕೇದಗಿ ಹತ್ತಿದಂತೆ ತಣ್ಣವ್ವ ದಾರದ ಹಾಗೆ ಉದ್ದವಾದಳು.

"ನಿಲ್ಲು ಮಗಳೇ," ಎಂದಿತು ಕಿವಿಯ ಪಕ್ಕದ ದನಿ. "ಬಿಸಿಲಿದೆ. ನೀನೇ ಸುಟ್ಟುಹೋಗುತ್ತೀಯ."

ಕೇದಗಿ ನಿಲ್ಲಲಿಲ್ಲ. ಬಾಯಲ್ಲಿದ್ದುದನ್ನು ಬಿಟ್ಟಿದ್ದರೆ ತಣ್ಣವ್ವ ಅಲ್ಲಿಂದಲೇ ನೀರಿಗಿಳಿಯಬಹುದಿತ್ತು. ಆದರೆ ಬಿಡುವ ಅಭ್ಯಾಸ ಅವಳಿಗಿರಲಿಲ್ಲ. ಕಲ್ಲನ್ನೇ ಬಿಟ್ಟು ಬೆನ್ನಿಗೆ ಜೋತುಬಿದ್ದಳು. ಕೇದಗಿ ಬಾವಿಯ ಕಟ್ಟೆಯನ್ನು ದಾಟಿ ನಡು ಮಧ್ಯಾಹ್ನದ ಬಿಸಿಲಿಗೆ ಬಿದ್ದಳು.

ಮೈಯೆಲ್ಲ ಕೆಂಡ ಸುರಿದಂತಾಯಿತು. ಅವಳು ಕಣ್ಣು ಮುಚ್ಚಿ ಅಲ್ಲೇ ಕಾದ ಮಣ್ಣಿನಲ್ಲಿ ಹೊರಳಿದಳು. ತಣ್ಣವ್ವನ ಪಟ್ಟೆಗಳು ಒಂದೊಂದಾಗಿ ಸುಕ್ಕಾದವು. ಕೊನೆಗೆ ಬಾಯಿ ಸಡಿಲಿತು. ತಣ್ಣವ್ವ ಒಣಗಿದ ಬಾಳೆನಾರಿನಂತಾಗಿ ಕೆಳಗೆ ಬಿದ್ದು, ಕಟ್ಟೆಯ ನೆರಳಿಗೆ ತೆವಳಿ, ಒಳಗೆ ಜಾರಿದಳು. ಎಷ್ಟೋ ಹೊತ್ತಿನ ಮೇಲೆ ಆಳದಲ್ಲಿ ನೀರಿನ ಸಣ್ಣ ಸದ್ದಾಯಿತು.

ತುಂಬೆ ಕೂಗಿಕೊಂಡದ್ದಕ್ಕೆ ಮೊದಲು ಓಡಿಬಂದವಳು ಬೋರಕ್ಕ. ಕೇದಗಿಯನ್ನು ಬೆನ್ನ ಮೇಲೆ ಎಳೆದುಕೊಂಡು ಕೊಳಕ್ಕೆ ತಂದಳು. ಮೂಗೊಂದನ್ನು ಬಿಟ್ಟು ಮೈಯೆಲ್ಲ ತಂಪು ಕೆಸರಿನಲ್ಲಿ ಹೂತಿಟ್ಟಳು. ಬೈಯಲಿಲ್ಲ. ಹುಳ ಹಿಡಿದು ತಂದು ಬಾಯಿಗಿಟ್ಟಳು.

"ಬೋರಕ್ಕ, ಅಂದು ನಾನು ಆಡಿದ ಮಾತು..." ಎಂದು ಕೇದಗಿ ಪಿಸುಗುಟ್ಟಿದಳು.

"ತಿನ್ನು," ಎಂದಳು ಬೋರಕ್ಕ.

ದೊಡ್ಡ ಮಳೆ ಹಿಡಿಯಿತು. ಹಗಲಲ್ಲೇ ಸೂರ್ಯ ಕಾಣದಷ್ಟು ಮೋಡ. ತುಂಬೆಯ ಮುಖದ ಕಪ್ಪು ಒಂದು ವಾರದಲ್ಲಿ ತಿಳಿಯಾಗಿ ಹೋಯಿತು. ಕೇದಗಿಯದು ಹೋಗಲಿಲ್ಲ. ಕಚ್ಚಿದ ಕಲೆ, ಸುಟ್ಟ ಕಲೆ, ಎಲ್ಲ ಸೇರಿ ಅವಳ ಮೈ ಮರದ ತೊಗಟೆಯಂತಾಗಿತ್ತು. ಅವಳು ನೀರಿನಲ್ಲಿ ಒಮ್ಮೆ ನೋಡಿಕೊಂಡಳು. ತುಂಬ ಹೊತ್ತು ನೋಡಿದಳು. ಮೇಲೆ ಮಳೆಹನಿ ಬಿದ್ದು ಆ ಮುಖ ಕದಡಿತು. ಅವಳು ಹಸಿದಿದ್ದಳು, ಹುಳ ಹಿಡಿಯಲು ಹೋದಳು.

ಆ ಸಂಜೆ ಕಪ್ಪೆಗಳೆಲ್ಲ ಕೂಗುವಾಗ ಕೇದಗಿಯೂ ಬಾಯಿ ತೆರೆದಳು. ಒರಟಾಗಿ, ಮುರಿದು ಮುರಿದು, ಆದರೆ ದನಿ ಬಂತು. ತುಂಬೆ ಪಕ್ಕಕ್ಕೆ ಬಂದು ಜೊತೆಗೆ ಕೂಗಿದಳು.

ಉಸಿರು ತೆಗೆದುಕೊಳ್ಳಲು ನಿಂತಾಗ, ಕಳ್ಳಿ ಮೆಳೆಯ ಹಿಂದಿನಿಂದ ಇನ್ನೊಂದು ಕೂಗು ಕೇಳಿತು. ಬಹಳ ಸಣ್ಣದು. ಕೊಳವೆಲ್ಲ ಮೌನವಾಯಿತು. ಏಡಿ ಬಿಲದೊಳಗೆ ಹೋಯಿತು.

ಕೇದಗಿ ಮತ್ತೆ ಕೂಗಿದಳು. ಆಚೆಯಿಂದ ಮತ್ತೆ ಉತ್ತರ ಬಂತು, ಈಗ ಸ್ವಲ್ಪ ಹತ್ತಿರದಿಂದ.

ಮಳೆಯ ಮಬ್ಬಿನಲ್ಲಿ ದಂಡೆಯ ಮೇಲೆ ಬೆಳ್ಳಗಿನ ಪುಟ್ಟ ಆಕೃತಿಯೊಂದು ಕಾಣಿಸಿಕೊಂಡಿತು. ಅದರ ಹಿಂದೆ ಇನ್ನೆರಡು. ಗರಿಕೆ ಮುಂದೆ ಬರಲು ಹೆದರಿ ಅಲ್ಲೇ ನಿಂತಳು. "ಮೋಡ ಇರುವಾಗ ಹೊರಟೆವು," ಎಂದಳು. "ಉಳಿದವರು ಬರಲಿಲ್ಲ. ನೀರನ್ನೇ ನೋಡುತ್ತ ಕುಳಿತಿದ್ದಾರೆ."

ಕೇದಗಿ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎಲೆಯ ಮೇಲೆ ಒಂದು ಬದಿಗೆ ಸರಿದು ಜಾಗ ಮಾಡಿದಳು.

ನೀತಿ: ಮುಖದ ಕಲೆಗೆ ನಾಚಿ ಕಂಡ ಕಂಡವರ ಮದ್ದಿಗೆ ಮೈಯೊಡ್ಡಿದವರು ಜೀವದ ಕಳೆಯನ್ನೇ ಕಳೆದುಕೊಳ್ಳುತ್ತಾರೆ.