ಓಂಕಾರಪ್ಪನ ಬೋರ್ ನೀರು ಪಾಸಾದದ್ದು

ಹೆದ್ದಾರಿ ಪಕ್ಕದ ಒಂದು ಊರಿನಲ್ಲಿ ಓಂಕಾರಪ್ಪ ಎಂಬ ಬೈಕ್ ಮೆಕ್ಯಾನಿಕ್ ಇದ್ದ. ಗಾಡಿಗಳನ್ನು ಹೊಗೆ ಪರೀಕ್ಷೆಯಲ್ಲಿ ಪಾಸು ಮಾಡಿಸುವುದರಲ್ಲಿ ಅವನದು ಎತ್ತಿದ ಕೈ. ಗಾಡಿ ಎಷ್ಟೇ ಹೊಗೆ ಉಗುಳಲಿ, ಒಂದು ಸ್ಕ್ರೂ ತಿರುಗಿಸಿ ಸರ್ಟಿಫಿಕೇಟ್ ಕೊಡಿಸುತ್ತಿದ್ದ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಸ್ಕ್ರೂ ಮತ್ತೆ ಹಳೇ ಜಾಗಕ್ಕೆ. ಪರೀಕ್ಷೆ ಇರುವುದೇ ಪಾಸಾಗುವುದಕ್ಕೆ ಎಂದು ನಂಬಿದ್ದ ಪುಣ್ಯಾತ್ಮ.

ಗ್ಯಾರೇಜಿನ ಹಿಂದೆ ಬತ್ತಿದ ಬಾವಿಯೊಂದಿತ್ತು. ಹಳೇ ಇಂಜಿನ್ ಆಯಿಲ್, ಸಾಮಾನು ತೊಳೆದ ಪೆಟ್ರೋಲು, ಥಿನ್ನರ್ ಎಲ್ಲವನ್ನೂ ಹನ್ನೆರಡು ವರ್ಷದಿಂದ ಅದಕ್ಕೇ ಸುರಿದಿದ್ದ. ಬಾವಿ ತುಂಬಲೇ ಇಲ್ಲ. ಸುರಿದದ್ದೆಲ್ಲ ಎಲ್ಲಿಗೆ ಹೋಯಿತು ಎಂದು ಅವನು ಕೇಳಲೂ ಇಲ್ಲ. ಅಲ್ಲಿಂದ ಇಪ್ಪತ್ತೇ ಹೆಜ್ಜೆಗೆ ಅವನ ಮನೆ, ಮನೆಯ ಬೋರ್‌ವೆಲ್.

ಒಂದು ದಿನ ನೀರು ಪರೀಕ್ಷೆ ಮಾಡುವ ತಾಹಿರಾ ಮೇಡಂ ಬಂದರು. ನೆಲಕ್ಕೆ ಏನಾದರೂ ಸುರಿಯುತ್ತೀರಾ, ಈ ನೀರನ್ನು ಯಾರು ಯಾರು ಕುಡಿಯುತ್ತಾರೆ ಎಂದು ವಿಚಾರಿಸಿದರು. ಓಂಕಾರಪ್ಪ ಏನೂ ಸುರಿಯುವುದಿಲ್ಲ ಎಂದು ಹೇಳಿ, ಕೊಡದಲ್ಲಿದ್ದ ಬೋರ್ ನೀರನ್ನು ಒಂದು ಲೋಟ ಅವರೆದುರೇ ಗಟಗಟನೆ ಕುಡಿದು, ನನಗೇನಾಯಿತು ನೋಡಿ ಎಂದು ಎದೆ ಉಬ್ಬಿಸಿ ನಿಂತ.

"ಇವತ್ತು ಏನೂ ಆಗಲ್ಲ ಅಣ್ಣ," ಎಂದರು ಮೇಡಂ. "ಎಣ್ಣೆ, ಪೆಟ್ರೋಲಿನಂಥದ್ದು ನೀರಲ್ಲಿ ಸ್ವಲ್ಪವೇ ಇದ್ದರೆ ಬಣ್ಣ, ವಾಸನೆ ಯಾವುದರಲ್ಲೂ ಗೊತ್ತಾಗಲ್ಲ. ಏನಿದೆ, ಎಷ್ಟಿದೆ, ಎಷ್ಟು ವರ್ಷದಿಂದ ಕುಡೀತಿದ್ದೀರಿ, ಅದೆಲ್ಲ ಲೆಕ್ಕಕ್ಕೆ ಬರುತ್ತೆ. ಬಸುರಿಯರು, ಎಳೆ ಮಕ್ಕಳಿದ್ದರೆ ಇನ್ನೂ ಹುಷಾರಾಗಿರಬೇಕು."

ಆಗ ಕರೆಂಟಿರಲಿಲ್ಲ. ಪಂಪು ಓಡದೆ ಪರೀಕ್ಷೆಗೆ ಹೊಸ ನೀರು ಹಿಡಿಯುವಂತಿರಲಿಲ್ಲ. ಮೇಡಂ ಒಂದು ಬಾಟಲಿ ಕೊಟ್ಟು, ಸಂಜೆ ಬಂದು ಒಯ್ಯುತ್ತೇನೆ ಎಂದು ಹೋದರು. ಗ್ಯಾರೇಜು ಮುಚ್ಚಿಸಿಬಿಟ್ಟರೆ ಎಂದು ಓಂಕಾರಪ್ಪನಿಗೆ ಪುಕಪುಕ. ಕೈ ಅಭ್ಯಾಸ ಬಿಡಬೇಕಲ್ಲ? ಗಿರಾಕಿಗಳಿಗೆಂದು ಇಟ್ಟಿದ್ದ ಕ್ಯಾನ್ ನೀರನ್ನು ಬಾಟಲಿಗೆ ತುಂಬಿ ಕೊಟ್ಟ.

ವರದಿ ಬಂತು. ನೀರು ಶುದ್ಧ! ಹೆಂಡತಿ ನೀಲಮ್ಮ ಅದಕ್ಕೆ ಕಟ್ಟು ಹಾಕಿಸಿ ದೇವರ ಪಟದ ಪಕ್ಕ ತೂಗುಹಾಕಿದಳು. ಅಕ್ಕಪಕ್ಕದವರು ಬಿಂದಿಗೆ ಹಿಡಿದು ಬಂದರು. ಓಂಕಾರಪ್ಪ ಮೀಸೆ ತಿರುವಿದ.

ಮರುವಾರ ಮಗಳು ಸುಮಂಗಲಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅಲ್ಲಿಂದ ಅವನ ಮೀಸೆ ಇಳಿಯಿತು. ಮಗಳು ಲೋಟ ಎತ್ತಿದಾಗಲೆಲ್ಲ ಎದೆ ಧಸಕ್ ಎನ್ನುತ್ತಿತ್ತು. ಎಳನೀರು ತಂದ, ಮಜ್ಜಿಗೆ ತಂದ, ಕಲ್ಲಂಗಡಿ ಹೊತ್ತು ತಂದ. ಕ್ಯಾನ್ ನೀರು ತರಿಸೋಣವೇ ಎಂದರೆ, ನೀಲಮ್ಮ ಗೋಡೆ ಕಡೆ ಕೈ ತೋರಿಸುತ್ತಿದ್ದಳು. ಊರಿಗೆಲ್ಲ ನೀರಿನ ಮೇಲೆ ಭರವಸೆ, ಅವನೊಬ್ಬನಿಗೇ ಇಲ್ಲ. ಪಾಪ, ಯಾರ ಹತ್ತಿರ ಹೇಳಿಕೊಳ್ಳುತ್ತಾನೆ?

ಕೊನೆಗೊಂದು ಮಧ್ಯಾಹ್ನ ಊಟದ ನಡುವೆ ಮಗಳ ಕೈಯಿಂದ ಲೋಟ ಕಿತ್ತುಕೊಂಡ.

"ಕುಡೀಬೇಡ ಕಣವ್ವ. ಆವತ್ತು ಪಾಸಾಗಿದ್ದು ಕ್ಯಾನ್ ನೀರು. ನಮ್ಮ ನೀರಲ್ಲಿ ಏನೈತೋ ನಂಗೊತ್ತಿಲ್ಲ."

ನೀಲಮ್ಮ ಸೌಟು ಹಿಡಿದೇ ನಿಂತಳು. ಮಗಳು ಹೊಟ್ಟೆ ಮೇಲೆ ಕೈಯಿಟ್ಟು, "ನೀನು ಯಾರಿಗೆ ಮೋಸ ಮಾಡಿದ್ದಪ್ಪ?" ಎಂದಳು. ಓಂಕಾರಪ್ಪ ಅರ್ಧ ಊಟಕ್ಕೇ ಕೈ ತೊಳೆದು ಎದ್ದ.

ಅವತ್ತೇ ತಾಹಿರಾ ಮೇಡಂ ಬಳಿ ಹೋಗಿ ಎಲ್ಲ ಒಪ್ಪಿಕೊಂಡ. ಅವರು ಬೈದರು, ಆಮೇಲೆ ತಾವೇ ಬಂದು ನೀರು ಹಿಡಿದರು. ನೀರಿನಲ್ಲಿ ಪೆಟ್ರೋಲಿನ ಅಂಶವಿತ್ತು. ಕುಡಿಯಲು, ಅಡುಗೆಗೆ ಬೇಡವೆಂದು ಬರೆದುಕೊಟ್ಟರು. ಓಂಕಾರಪ್ಪ ಬಿಂದಿಗೆ ತಂದಿದ್ದವರ ಮನೆಗೆಲ್ಲ ತಾನೇ ಹೋಗಿ ತಲೆ ತಗ್ಗಿಸಿ ಹೇಳಿದ. ಹೊಲಸು ಎಣ್ಣೆಯನ್ನು ಡ್ರಮ್ಮಿಗೆ ತುಂಬಿ, ಅದನ್ನು ಶುದ್ಧಿ ಮಾಡಲು ಒಯ್ಯುವವರಿಗೇ ಒಪ್ಪಿಸತೊಡಗಿದ.

ಮನೆಗೆ ಕ್ಯಾನ್ ಬಂತು. ಗೋಡೆಯ ಕಟ್ಟಿನಿಂದ ಪಾಸಾದ ಕಾಗದ ತೆಗೆದು ಫೇಲಾದ ಕಾಗದ ಹಾಕಿದ. ಮಗಳು ಲೋಟ ಎತ್ತಿದಾಗ ಅವನ ಎದೆ ಹಾರುವುದು ಅಂದಿಗೆ ನಿಂತಿತು.

ನೀತಿ: ಪರೀಕ್ಷೆ ಇರುವುದು ಪಾಸಾಗುವುದಕ್ಕಲ್ಲ, ಅಪಾಯ ಎಷ್ಟಿದೆ ಎಂದು ತಿಳಿಯುವುದಕ್ಕೆ. ಅದರಲ್ಲಿ ಮೋಸ ಮಾಡಿದವನು ಮೊದಲು ಮೋಸ ಮಾಡುವುದು ತನ್ನ ಮನೆಯವರಿಗೇ.