ಉದ್ಘಾಟನೆಯಾಗದ ಕೋಣೆ

“ಉಸ್ತಾದ್, ಅವನ ಕೈ ಮುರಿದರೆ ತಪ್ಪಾಗುತ್ತಾ?”

ಗರಡಿಯೊಳಗೆ ಕಾಲಿಟ್ಟ ನಿಂಗರಾಜುವಿನ ಮೊದಲ ಮಾತೇ ಅದು. ನಮಸ್ಕಾರವಿಲ್ಲ, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಳ್ಳಲಿಲ್ಲ. ಅವನು ಎಂ.ಎ. ಎರಡನೇ ವರ್ಷದ ವಿದ್ಯಾರ್ಥಿ. ಬೆಳಿಗ್ಗೆ ಕುಸ್ತಿ, ಹತ್ತರ ಮೇಲೆ ಕ್ಯಾಂಪಸ್ಸು. ಕೆಂಪನಂಜ ಉಸ್ತಾದರ ಶಿಷ್ಯರಲ್ಲಿ ಅವನಷ್ಟು ಗಟ್ಟಿ ತೋಳು ಬೇರೆ ಯಾರಿಗೂ ಇರಲಿಲ್ಲ.

“ಯಾರ ಕೈ?” ಎಂದರು ಉಸ್ತಾದರು.

“ಕಾಂತರಾಜು ಅಂತ, ನಮ್ಮ ಕ್ಲಾಸಿನವನೇ. ನಿನ್ನೆ ಕಂಪ್ಯೂಟರ್ ಲ್ಯಾಬಿನಲ್ಲಿ ನಾಲ್ಕರಿಂದ ನಾಲ್ಕೂವರೆ ನನ್ನ ಸರದಿ. ರಿಜಿಸ್ಟರಿನಲ್ಲಿ ಹೆಸರು ಬರೆದಿದ್ದೆ. ಅವನು ಏಳಲೇ ಇಲ್ಲ. ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂತ ಐದು ಗಂಟೆವರೆಗೂ ಕೂತ. ಐದಕ್ಕೆ ಲ್ಯಾಬ್ ಮುಚ್ಚಿಬಿಟ್ಟರು. ನನ್ನ ಪ್ರಾಜೆಕ್ಟ್ ಕಳಿಸೋಕೆ ಆಗಲಿಲ್ಲ. ಸಂಜೆ ಮೇಷ್ಟ್ರ ಕಾಲು ಹಿಡಿದೆ. ಗಡುವು ಮುಗೀತು, ಇನ್ನು ಮುಂದಿನ ವರ್ಷ ನೋಡು ಅಂದರು. ಒಂದು ವರ್ಷ ಹೋಯ್ತು ಉಸ್ತಾದ್, ಅವನೊಬ್ಬನಿಂದ!”

ಉಸ್ತಾದರು ಹೆಗಲ ಮೇಲಿನ ಟವಲು ತೆಗೆದು ಮುಖ ಒರೆಸಿಕೊಂಡರು.

“ಮುರಿ. ಎಲ್ಲಿ ಹಿಡಿದು ಯಾವ ಕಡೆ ತಿರುಗಿಸಬೇಕು ಅಂತ ನಾನೇ ತಾನೇ ಹೇಳಿಕೊಟ್ಟಿದ್ದು. ಆದರೆ ಅವನು ಕ್ಯಾಂಪಸ್ಸಿಗೆ ಬರೋದು ಹತ್ತು ಗಂಟೆಗೆ. ಅಲ್ಲಿತನಕ ಕೂತ್ಕೋ. ಒಂದು ಕತೆ ಕೇಳು.”

ನಿಂಗರಾಜುವಿಗೆ ಕತೆ ಬೇಕಿರಲಿಲ್ಲ. ಬುದ್ಧಿವಾದ ಬರುತ್ತದೆ, ಸಿಟ್ಟು ಕೆಟ್ಟದ್ದು ಎನ್ನುತ್ತಾರೆ, ತಾಳ್ಮೆ ಇರಲಿ ಎನ್ನುತ್ತಾರೆ ಎಂದುಕೊಂಡ. ಆದರೂ ಕೂತ. ಆ ಗರಡಿಯಲ್ಲಿ ಉಸ್ತಾದರೆದುರು ನಿಂತು ವಾದ ಮಾಡುವ ಗಂಡಸು ಇನ್ನೂ ಹುಟ್ಟಿರಲಿಲ್ಲ.

ಉಸ್ತಾದರು ಹೇಳತೊಡಗಿದರು.

ಒಂದು ವಿಶ್ವವಿದ್ಯಾಲಯವಿತ್ತು. ಯಾವ ಊರು ಅಂತ ಕೇಳಬೇಡ, ಅದರಿಂದ ನಿನಗೇನೂ ಆಗಬೇಕಾಗಿಲ್ಲ. ಅಲ್ಲೊಂದು ಕಂಪ್ಯೂಟರ್ ಕೋಣೆ. ಹನ್ನೆರಡು ಕಂಪ್ಯೂಟರುಗಳು. ಅದರಲ್ಲಿ ಆರು ಕೆಟ್ಟು ಕೂತಿದ್ದವು. ಉಳಿದ ಆರಕ್ಕೆ ಆರುನೂರು ವಿದ್ಯಾರ್ಥಿಗಳು. ಒಬ್ಬನಿಗೆ ಅರ್ಧ ಗಂಟೆ. ಬೆಳಿಗ್ಗೆ ಬಂದು ರಿಜಿಸ್ಟರಿನಲ್ಲಿ ಹೆಸರು ಬರೆಯಬೇಕು, ಮಧ್ಯಾಹ್ನ ಬಂದು ಸರದಿಗೆ ಕಾಯಬೇಕು. ಹೆಸರು ಬರೆದರೆ ಸಾಲದು ಅಂತ ಕುರ್ಚಿಯ ಮೇಲೆ ಕರ್ಚೀಫು ಹಾಕಿ ಹೋಗುವವರಿದ್ದರು. ಬಸ್ಸಿನ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿಯುವ ಜನ ತಾನೇ ನಾವು? ಓದೋಕೆ ಬಂದ ಕೂಡಲೇ ಆ ಚಟ ಎಲ್ಲಿ ಹೋಗುತ್ತೆ!

ಆ ಕೋಣೆಯ ಪಕ್ಕದಲ್ಲೇ ಇನ್ನೊಂದು ಕೋಣೆ. ಅದರೊಳಗೆ ಮೂವತ್ತು ಹೊಸ ಕಂಪ್ಯೂಟರುಗಳು. ಬೇರೆಯದೇ ಕರೆಂಟಿನ ಲೈನು, ಬೇರೆಯದೇ ಬ್ಯಾಟರಿ. ಇಂಟರ್ನೆಟ್ಟೂ ಬಂದಿತ್ತು. ಎಲ್ಲಾ ತಯಾರು. ಬಾಗಿಲಿಗೆ ಮಾತ್ರ ಬೀಗ. ಯಾಕೆ ಗೊತ್ತಾ? ಉದ್ಘಾಟನೆ ಆಗಿರಲಿಲ್ಲ.

ಉದ್ಘಾಟನೆಗೆ ಒಬ್ಬ ದೊಡ್ಡ ಮನುಷ್ಯ ಬರಬೇಕಾಗಿತ್ತು. ಮೊದಲು ದಿನ ಗೊತ್ತಾದಾಗ ಅವರು ವಿದೇಶಕ್ಕೆ ಹೋದರು. ವಾಪಸು ಬರುವಷ್ಟರಲ್ಲಿ ಆಷಾಢ. ಆಷಾಢದಲ್ಲಿ ಶುಭಕಾರ್ಯ ಬೇಡ ಅಂದರು. ಕಂಪ್ಯೂಟರಿಗೂ ಆಷಾಢ! ಶ್ರಾವಣ ಬಂತು, ಅವರಿಗೆ ಪುರುಸೊತ್ತಿಲ್ಲ. ಆಮೇಲೆ ಚುನಾವಣೆ ಬಂತು, ನೀತಿಸಂಹಿತೆ ಇದೆ, ಟೇಪು ಕತ್ತರಿಸುವ ಹಾಗಿಲ್ಲ ಅಂದರು. ತಿಂಗಳ ಮೇಲೆ ತಿಂಗಳು ಹೋಯಿತು. ಬೀಗ ಬೀಗವಾಗಿಯೇ ಇತ್ತು.

ಎರಡೂ ಬಾಗಿಲುಗಳ ನಡುವೆ ಒಬ್ಬ ಜವಾನ ಸ್ಟೂಲು ಹಾಕಿಕೊಂಡು ಕೂತಿರುತ್ತಿದ್ದ. ಹೊಸ ಕೋಣೆಯ ಕೀಲಿ ಅವನ ಸುಪರ್ದಿನಲ್ಲಿತ್ತು. ಬಳಸದೆ ಬಿಟ್ಟರೆ ಕೆಟ್ಟುಹೋಗುತ್ತವೆ ಅಂತ ಇಂಜಿನಿಯರು ಹೇಳಿದ್ದರಿಂದ ಪ್ರತಿ ಸೋಮವಾರ ಒಳಗೆ ಹೋಗುತ್ತಿದ್ದ. ಧೂಳು ಒರೆಸುತ್ತಿದ್ದ, ಮೂವತ್ತನ್ನೂ ಆನ್ ಮಾಡುತ್ತಿದ್ದ, ಒಂದು ಗಂಟೆ ಬಿಟ್ಟು ಆಫ್ ಮಾಡುತ್ತಿದ್ದ, ಬೀಗ ಹಾಕಿ ಬಂದು ಮತ್ತೆ ಸ್ಟೂಲಿನ ಮೇಲೆ ಕೂರುತ್ತಿದ್ದ. ಅಷ್ಟು ಹೊತ್ತೂ ಪಕ್ಕದಲ್ಲಿ ಜನ ಕುರ್ಚಿಗೆ ಕಿತ್ತಾಡುತ್ತಿರುತ್ತಿದ್ದರು.

ಇನ್ನೂ ಕೇಳು. ಆಯುಧಪೂಜೆ ಬಂತು. ಅವತ್ತು ಹೊಸ ಕೋಣೆಯ ಬಾಗಿಲು ಪೂರ್ತಿ ತೆಗೆದರು. ಪೂಜೆಗೆ ಉದ್ಘಾಟನೆ ಬೇಕಿಲ್ಲವಲ್ಲ! ಮೂವತ್ತು ಕಂಪ್ಯೂಟರಿಗೂ ವಿಭೂತಿ ಬಳಿದು ಕುಂಕುಮ ಇಟ್ಟರು. ಹೂವು ಮುಡಿಸಿದರು. ಬಾಗಿಲಲ್ಲಿ ಬೂದುಗುಂಬಳ ಒಡೆದರು. ವಿದ್ಯಾರ್ಥಿಗಳು ಹಿಂಡುಹಿಂಡಾಗಿ ಒಳಗೆ ಬಂದರು. ಮಂಗಳಾರತಿ ತೆಗೆದುಕೊಂಡರು. ಎರಡೂ ಕೈಯೊಡ್ಡಿ ಕಡ್ಲೆಪುರಿ ಇಸಕೊಂಡರು. ಆ ಕಂಪ್ಯೂಟರುಗಳ ಮಧ್ಯೆ ನಿಂತೇ ಪುರಿ ತಿಂದರು ಕಣಯ್ಯಾ, ಒಬ್ಬರಲ್ಲ ಇಬ್ಬರಲ್ಲ, ನಾಲ್ಕುನೂರು ಜನ! ತಿಂದು, ಕೈ ಕೊಡವಿಕೊಂಡು ಹೊರಗೆ ಹೋದರು. ಜವಾನ ಬಿದ್ದ ಪುರಿ ಗುಡಿಸಿ ಬೀಗ ಹಾಕಿದ. ಹಬ್ಬ ಕಳೆದ ಮಾರನೇ ದಿನ ಅದೇ ಜನ ಪಕ್ಕದ ಕೋಣೆಯಲ್ಲಿ ಸರದಿ ನಿಂತಿದ್ದರು.

ಇಲ್ಲಿ ನಿಂಗರಾಜು ತಡೆಯಲಾರದೆ ಬಾಯಿ ಹಾಕಿದ.

“ಅಯ್ಯೋ, ಅದು ಎಲ್ಲಾ ಕಡೆ ಇದ್ದದ್ದೇ ಬಿಡಿ ಉಸ್ತಾದ್. ನಮ್ಮಲ್ಲೂ ಮೇಲಿನ ಮಹಡಿಯಲ್ಲಿ ನಲವತ್ತು ಸಿಸ್ಟಂ ಬೀಗ ಹಾಕಿ ಇಟ್ಟಿದ್ದಾರೆ. ಯಾರೋ ಬರಬೇಕಂತೆ. ಅದಿರಲಿ, ಆಮೇಲೆ ಏನಾಯ್ತು?”

ಉಸ್ತಾದರು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಬಯ್ಯುತ್ತಾರೇನೋ ಅನ್ನಿಸಿತು ಅವನಿಗೆ. ಬಯ್ಯಲಿಲ್ಲ. ಕತೆ ಮುಂದುವರಿಸಿದರು, ಆದರೆ ದನಿ ಗಡುಸಾಗಿತ್ತು.

ಅಲ್ಲೊಬ್ಬಳು ವಿದ್ಯಾರ್ಥಿನಿ ಇದ್ದಳು. ಉಳಿದವರಿಗಿಂತ ವಯಸ್ಸಾದವಳು. ಆರು ವರ್ಷ ಮಕ್ಕಳಿಗೆ ಪಾಠ ಹೇಳಿ, ಆ ಕೆಲಸ ಬಿಟ್ಟು, ಸಂಶೋಧನೆ ಮಾಡುತ್ತೇನೆ ಅಂತ ಬಂದಿದ್ದಳು. ಅವಳು ಓದು ಮುಂದುವರಿಸಬೇಕಾದರೆ ಒಂದು ಫೆಲೋಶಿಪ್ ಸಿಗಲೇಬೇಕಿತ್ತು. ಅದಕ್ಕೆ ವಯಸ್ಸಿನ ಮಿತಿ ಇತ್ತು. ಅವಳಿಗೆ ಅದೇ ಕೊನೆಯ ವರ್ಷ. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಿ ಕಳಿಸಬೇಕು. ಅರ್ಜಿಗೆ ಬೇಕಾದ ಒಂದು ಪ್ರಮಾಣಪತ್ರ ಕಚೇರಿಯಿಂದ ಅವಳ ಕೈಗೆ ಬಂದದ್ದೇ ಕೊನೆಯ ದಿನ, ಮಧ್ಯಾಹ್ನ ಹನ್ನೆರಡಕ್ಕೆ. ಸಂಜೆ ಐದಕ್ಕೆ ಗಡುವು. ಓಡಿ ಬಂದು ಹೆಸರು ಬರೆದಳು. ನಾಲ್ಕೂವರೆಯ ಸರದಿ ಸಿಕ್ಕಿತು. ಅರ್ಜಿ ತುಂಬೋಕೆ ಇಪ್ಪತ್ತು ನಿಮಿಷ ಸಾಕು. ಸಾಕಾಗುತ್ತೆ ಅಂತ ಸಮಾಧಾನ ಮಾಡಿಕೊಂಡು ಫೈಲು ಎದೆಗವಚಿಕೊಂಡು ನಿಂತಳು.

ಅದೇ ಕಂಪ್ಯೂಟರಿನಲ್ಲಿ ಅವಳಿಗಿಂತ ಮೊದಲು, ನಾಲ್ಕರಿಂದ ನಾಲ್ಕೂವರೆವರೆಗೆ, ಒಬ್ಬ ವಿದ್ಯಾರ್ಥಿಯ ಸರದಿ. ಅವನಿಗಿಂತ ಮೊದಲಿನವನು ನಾಲ್ಕಾದರೂ ಏಳಲಿಲ್ಲ. ಇನ್ನೈದು ನಿಮಿಷ ಅಂದ. ಇವನು ತಡೆದುಕೊಂಡ. ಇನ್ನೈದು ನಿಮಿಷ ಅಂದ. ಇವನಿಗೆ ಸಿಟ್ಟು ನೆತ್ತಿಗೇರಿತು. ನ್ಯಾಯವಾದ ಸಿಟ್ಟೇ, ಇಲ್ಲ ಅನ್ನಲ್ಲ. ಇವನ ಹೆಸರು ರಿಜಿಸ್ಟರಿನಲ್ಲಿತ್ತು. ಅವನ ಕತ್ತುಪಟ್ಟಿಗೆ ಕೈ ಹಾಕಿ ಎಳೆದ. ಅವನು ಮೇಜು ಬಿಡಲಿಲ್ಲ. ಮೇಜೇ ಜರುಗಿತು. ಕೆಳಗಿನ ವೈರು ಕಿತ್ತು ಬಂತು. ಫಟ್ ಅಂತ ಒಂದು ಕಿಡಿ. ಆರಕ್ಕೆ ಆರೂ ಕಂಪ್ಯೂಟರುಗಳು ಆರಿಹೋದವು.

ಆಗ ನಾಲ್ಕು ಇಪ್ಪತ್ತು. ಕೋಣೆಯಲ್ಲಿದ್ದವರೆಲ್ಲ ಹೋ ಅಂತ ಕಿರುಚಿದರು. ಅವರಿಬ್ಬರು ಮಾತ್ರ ಬಿಡಲಿಲ್ಲ. ಉರುಳಾಡುತ್ತಾ ಪಡಸಾಲೆಗೆ ಬಂದರು. ಹೊಡೆದಾಡುತ್ತಾ ಹೊಡೆದಾಡುತ್ತಾ ಹೊಸ ಕೋಣೆಯ ಬಾಗಿಲಿಗೇ ದಢಾರ್ ಅಂತ ಹೋಗಿ ಬಿದ್ದರು. ಬಾಗಿಲು ಅದುರಿತು. ಬೀಗ ಅಲುಗಾಡಿತು. ಅದು ಅಲುಗಾಡಿದ್ದು ಇಬ್ಬರ ಕಣ್ಣಿಗೂ ಬೀಳಲಿಲ್ಲ. ಎದ್ದು ಮತ್ತೆ ಹೊಡೆದಾಡಿದರು. ಸುತ್ತ ಐವತ್ತು ಜನ ನಿಂತು ನೋಡಿದರು. ಕೊನೆಗೆ ಯಾರೋ ಮೇಷ್ಟ್ರು ಬಂದು ಇಬ್ಬರನ್ನೂ ಎಳೆದುಕೊಂಡು ಹೋದರು. ಜನ ಚೆದುರಿತು.

ಅವಳು ಉಳಿದಳು. ಕರೆಂಟು ರಿಪೇರಿ ಮಾಡುವವನು ನಾಳೆ ಬರುತ್ತಾನೆ ಅಂತ ಒಳಗಿನಿಂದ ಯಾರೋ ಹೇಳಿದರು. ಊರೊಳಗಿನ ಅಂಗಡಿಗೆ ಹೋಗೋಣವೆಂದರೆ ಬಸ್ಸಿಗೇ ಮುಕ್ಕಾಲು ಗಂಟೆ. ಅವಳು ಗೋಡೆಯ ಮೇಲಿನ ಗಡಿಯಾರ ನೋಡಿದಳು. ಆಮೇಲೆ ಕೂತುಬಿಟ್ಟಳು. ಎಲ್ಲಿ ಕೂತಳು ಗೊತ್ತಾ? ಹೊಸ ಕೋಣೆಯ ಹೊಸ್ತಿಲ ಮೇಲೆ. ಅದೇ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು. ಅವಳ ಬೆನ್ನಿಗೂ ಮೂವತ್ತು ಕಂಪ್ಯೂಟರಿಗೂ ನಡುವೆ ಎರಡಿಂಚು ಹಲಗೆ. ಅವತ್ತು ಸೋಮವಾರ. ಬೆಳಿಗ್ಗೆ ತಾನೇ ಜವಾನ ಮೂವತ್ತನ್ನೂ ಆನ್ ಮಾಡಿ ನೋಡಿದ್ದ. ಒಂದಕ್ಕೂ ಏನೂ ಆಗಿರಲಿಲ್ಲ.

ಜವಾನ ಒಂದು ಲೋಟ ನೀರು ತಂದುಕೊಟ್ಟ. ಕುಡಿದಳು. “ಉಪಕಾರವಾಯ್ತಣ್ಣ” ಅಂತ ಲೋಟ ವಾಪಸು ಕೊಟ್ಟಳು. ಆಗ ನಾಲ್ಕು ಮೂವತ್ತೈದು.

ಐದು ಹೊಡೆಯಿತು. ಅವಳು ಎದ್ದು ಸೀರೆಯ ಧೂಳು ಕೊಡವಿಕೊಂಡು ಹೋದಳು. ಮತ್ತೆ ಆ ಕ್ಯಾಂಪಸ್ಸಿಗೆ ಬರಲಿಲ್ಲ. ಬಂದು ಮಾಡುವುದಾದರೂ ಏನಿತ್ತು?

ಮುಂದಿನ ತಿಂಗಳು ದೊಡ್ಡ ಮನುಷ್ಯರು ಬಂದರು. ಟೇಪು ಕತ್ತರಿಸಿದರು. ಒಂದು ಕಂಪ್ಯೂಟರಿನ ಮುಂದೆ ಕೂತು ಫೋಟೋ ತೆಗೆಸಿಕೊಂಡರು. ವಿದ್ಯಾರ್ಥಿಗಳ ಭವಿಷ್ಯದ ಬಗ್ಗೆ ನಲವತ್ತು ನಿಮಿಷ ಭಾಷಣ ಮಾಡಿದರು. ಹೊಡೆದಾಡಿದ್ದ ಇಬ್ಬರೂ ಮುಂದಿನ ಸಾಲಿನಲ್ಲೇ ಕೂತಿದ್ದರು, ನಡುವೆ ನಾಲ್ಕು ಕುರ್ಚಿ ಬಿಟ್ಟು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಭಾಷಣ ಮುಗಿದಾಗ ಇಬ್ಬರೂ ಚಪ್ಪಾಳೆ ತಟ್ಟಿದರು. ಜೋರಾಗಿಯೇ ತಟ್ಟಿದರು.

ಉಸ್ತಾದರು ಅಲ್ಲಿಗೆ ನಿಲ್ಲಿಸಿದರು.

ನಿಂಗರಾಜುವಿನ ಮೈ ಬಿಸಿಯಾಗಿತ್ತು. ಕಾಂತರಾಜು ಅವನ ತಲೆಯಿಂದ ಹೋಗಿ ಎಷ್ಟು ಹೊತ್ತಾಗಿತ್ತೋ ಅವನಿಗೇ ತಿಳಿಯದು. ಹೊಸ್ತಿಲ ಮೇಲೆ ಕೂತ ಆ ಹೆಂಗಸು, ಫೈಲು, ಗಡಿಯಾರ, ಇವೇ ಕಣ್ಣ ಮುಂದೆ ಇದ್ದವು. ಕೂತಲ್ಲಿಂದ ಎದ್ದುಬಿಟ್ಟ.

“ಥೂ! ಆ ಜವಾನ ಎಂಥ ಮನುಷ್ಯ ಉಸ್ತಾದ್? ಕೀಲಿ ಕೈಯಲ್ಲಿಟ್ಟುಕೊಂಡು ನೀರು ಕೊಟ್ಟನಾ? ಇಪ್ಪತ್ತೈದು ನಿಮಿಷ ಇತ್ತಲ್ಲ! ಬೀಗ ತೆಗೆದಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಯಾರಿಗೆ ಹೆದರಿದ ಅವನು? ಯಾರಿಗೆ ಕಾದ?”

ಉಸ್ತಾದರೂ ಎದ್ದು ನಿಂತರು.

“ಆ ಜವಾನ ನಾನೇ ಕಣಯ್ಯಾ, ನಿನ್ನಂಥವನು ಒಬ್ಬನೇ ಒಬ್ಬ ಬಂದು ‘ತೆಗಿ ಬೀಗ’ ಅನ್ನಲಿ, ತೆಗೆದುಬಿಡೋಣ ಅಂತ ಎಂಟು ತಿಂಗಳು ಕಾದೆ, ಬಂದವರೆಲ್ಲ ಪಕ್ಕದವನ ಕತ್ತುಪಟ್ಟಿಗೇ ಕೈ ಹಾಕಿದರು.”